ಒಂದು ಸಾಲಿನ ನಿರ್ಣಯ ಆದ ಮೇಲೂ ಜಗಳ ಯಾಕೆ ಮುಗಿಯುವುದಿಲ್ಲ?

ಓದುಗರ ಪ್ರಶ್ನೆ: ನಮ್ಮ ಕ್ಷೇತ್ರದ ಶಾಸಕರು ಆಡಳಿತ ಪಕ್ಷದವರು. ಆ ಪಕ್ಷದಲ್ಲಿ ಇಬ್ಬರು ನಾಯಕರ ನಡುವೆ ಕುರ್ಚಿಗಾಗಿ ಪೈಪೋಟಿ ಇದೆ. ನಮ್ಮ ಶಾಸಕರು ಒಂದು ಬಣದಲ್ಲಿ ಗುರುತಿಸಿಕೊಂಡಿದ್ದಾರೆ, ಆಗಾಗ ದೆಹಲಿಗೆ ಹೋಗುತ್ತಾರೆ. ಊರಿನ ಕೆರೆ ಕಾಲುವೆ ಕೆಲಸದ ಬಗ್ಗೆ ಕೇಳಿದರೆ ‘ಮೇಲೆ ಒಂದು ಇತ್ಯರ್ಥ ಆಗಲಿ, ಆಮೇಲೆ ನೋಡೋಣ’ ಅನ್ನುತ್ತಾರೆ. ನಾಯಕನನ್ನು ಆರಿಸುವುದು ಶಾಸಕರೋ, ಹೈಕಮಾಂಡೋ? ಶಾಸಕರೇ ಅನ್ನುವುದಾದರೆ ತಲೆ ಎಣಿಸಿ ಮುಗಿಸಬಹುದಲ್ವಾ? ಹೆಚ್ಚಿನ ಶಾಸಕರು ಬೇಡ ಅಂದರೆ ಮುಖ್ಯಮಂತ್ರಿ ಇಳಿಯಲೇಬೇಕಾ? ಹಾಗೆ ಬೇಡ ಅಂದ ಶಾಸಕರ ಸ್ಥಾನ ಹೋಗುತ್ತದಾ?

ಉತ್ತರ: ನಿಮ್ಮ ಕೆರೆ ಕಾಲುವೆಯಿಂದಲೇ ಶುರು ಮಾಡಬೇಕು ಅನಿಸುತ್ತದೆ. ‘ಮೇಲೆ ಇತ್ಯರ್ಥ ಆಗಲಿ’ ಅನ್ನುವ ಮಾತನ್ನು ಮೂವತ್ತು ವರ್ಷಗಳಿಂದ ಬೇರೆ ಬೇರೆ ಪಕ್ಷದ ಶಾಸಕರ ಬಾಯಲ್ಲಿ ನಾನೂ ಕೇಳುತ್ತಾ ಬಂದಿದ್ದೇನೆ. ರಾಜ್ಯಶಾಸ್ತ್ರದ ಪಾಠ ಹೇಳುವಾಗ ವಿದ್ಯಾರ್ಥಿಗಳು ಅತಿ ಹೆಚ್ಚು ಕೇಳಿದ್ದೂ ಇದನ್ನೇ. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ನೇರ ಉತ್ತರ. ಪದ್ಧತಿಯ ಪ್ರಕಾರ ನಾಯಕನನ್ನು ಆರಿಸಬೇಕಾದವರು ಶಾಸಕರು. ಆದರೆ ನಮ್ಮಲ್ಲಿ ಹೆಚ್ಚಿನ ಸಲ ಅವರು ಆ ಅಧಿಕಾರವನ್ನು ದೆಹಲಿಗೆ ಬರೆದುಕೊಟ್ಟು ಎದ್ದು ಬರುತ್ತಾರೆ. ಹೆಚ್ಚಿನ ಶಾಸಕರು ಬೇಡ ಅಂದ ಮಾತ್ರಕ್ಕೆ ಕಾನೂನಿನ ಪ್ರಕಾರ ಮುಖ್ಯಮಂತ್ರಿ ಇಳಿಯಬೇಕಿಲ್ಲ. ಅವರು ಇಳಿಯಲೇಬೇಕಾದದ್ದು ವಿಧಾನಸಭೆಯಲ್ಲಿ ಬಹುಮತ ಕಳೆದುಕೊಂಡಾಗ. ಶಾಸಕರ ಸ್ಥಾನ ಹೋಗುತ್ತದಾ ಅನ್ನುವುದು, ಅವರು ‘ಬೇಡ’ ಅಂದದ್ದು ಎಲ್ಲಿ, ಯಾರ ಮುಂದೆ ಅನ್ನುವುದರ ಮೇಲೆ ನಿಂತಿದೆ.

ಈಗ ಬಿಡಿಸಿ ನೋಡೋಣ.

ಸಂವಿಧಾನದ 164ನೇ ವಿಧಿಯನ್ನು ಓದಿದರೆ ಅಲ್ಲಿ ‘ಶಾಸಕಾಂಗ ಪಕ್ಷದ ನಾಯಕ’ ಅನ್ನುವ ಮಾತೇ ಇಲ್ಲ. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಮಂತ್ರಿಮಂಡಲ ವಿಧಾನಸಭೆಗೆ ಹೊಣೆಯಾಗಿರುತ್ತದೆ ಅಂತಷ್ಟೇ ಇದೆ. ‘ಶಾಸಕಾಂಗ ಪಕ್ಷ’ ಅನ್ನುವ ಪದ ಸಂವಿಧಾನಕ್ಕೆ ಬಂದದ್ದು 1985ರಲ್ಲಿ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯ ಜೊತೆಗೆ. ಅಲ್ಲೂ ಅದರ ಅರ್ಥ ಸರಳ: ಒಂದು ಸದನದಲ್ಲಿ ಒಂದು ಪಕ್ಷಕ್ಕೆ ಸೇರಿದ ಎಲ್ಲ ಸದಸ್ಯರ ಗುಂಪು. ಆ ಗುಂಪು ನಾಯಕನನ್ನು ಹೇಗೆ ಆರಿಸಬೇಕು, ಚೀಟಿಯಲ್ಲೋ ಕೈ ಎತ್ತಿಯೋ, ಎಣಿಕೆಯನ್ನು ಹೇಳಬೇಕೋ ಬೇಡವೋ ಅನ್ನುವ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇಲ್ಲ. ರಾಜ್ಯದ ಅತಿ ದೊಡ್ಡ ಹುದ್ದೆಗೆ ನಡೆಯುವ ನಿಜವಾದ ಚುನಾವಣೆ ಈ ಗುಂಪಿನ ಸಭೆಯಲ್ಲಿ ನಡೆಯುತ್ತದೆ, ಅದಕ್ಕೆ ಮಾತ್ರ ಚುನಾವಣಾ ಆಯೋಗವಿಲ್ಲ, ನಿಯಮಪುಸ್ತಕವಿಲ್ಲ.

2023ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. 13ನೇ ತಾರೀಕು ಫಲಿತಾಂಶ ಬಂತು, ಕಾಂಗ್ರೆಸ್ 135 ಸ್ಥಾನ ಗೆದ್ದಿತ್ತು. ಮಾರನೇ ದಿನ ಸಂಜೆ ಬೆಂಗಳೂರಿನ ಹೋಟೆಲಿನಲ್ಲಿ ಶಾಸಕಾಂಗ ಪಕ್ಷದ ಸಭೆ. ಸುಶೀಲ್ ಕುಮಾರ್ ಶಿಂಧೆ, ಜಿತೇಂದ್ರ ಸಿಂಗ್, ದೀಪಕ್ ಬಾಬರಿಯಾ ವೀಕ್ಷಕರಾಗಿ ಬಂದಿದ್ದರು. ಹೊರಗೆ ಸಿದ್ದರಾಮಯ್ಯನವರ ಕಡೆಯವರೂ ಡಿ.ಕೆ. ಶಿವಕುಮಾರ್ ಅವರ ಕಡೆಯವರೂ ಜೈಕಾರ ಹಾಕುತ್ತಿದ್ದರು. ಒಳಗೆ ಆದದ್ದು ಒಂದು ಸಾಲಿನ ನಿರ್ಣಯ: ನಾಯಕನ ಆಯ್ಕೆಯನ್ನು ಎಐಸಿಸಿ (ಕಾಂಗ್ರೆಸ್ಸಿನ ರಾಷ್ಟ್ರೀಯ ಸಮಿತಿ) ಅಧ್ಯಕ್ಷರಿಗೆ ಬಿಡಲಾಗಿದೆ. ವೀಕ್ಷಕರು ಶಾಸಕರ ಅಭಿಪ್ರಾಯ ಕೇಳಿಕೊಂಡರು, ದೆಹಲಿಗೆ ಹೋದರು. ಸಿದ್ದರಾಮಯ್ಯನವರ ಹೆಸರು ಹೊರಬಿದ್ದದ್ದು 18ಕ್ಕೆ. ಪ್ರಮಾಣ ವಚನ 20ಕ್ಕೆ, ಕಂಠೀರವ ಕ್ರೀಡಾಂಗಣದಲ್ಲಿ. ಯಾರಿಗೆ ಎಷ್ಟು ಶಾಸಕರ ಬೆಂಬಲ ಇತ್ತು ಅನ್ನುವ ಲೆಕ್ಕವನ್ನು ಮಾತ್ರ ಪಕ್ಷ ಹೇಳಲಿಲ್ಲ.

ಆ ಒಂದು ಅಂಕಿ ಹೊರಗೆ ಬರದೇ ಇದ್ದದ್ದರಿಂದ ಏನಾಯಿತು? ‘ನಮಗೇ ಜಾಸ್ತಿ ಇತ್ತು’ ಅಂತ ಎರಡೂ ಕಡೆಯವರು ಹೇಳಿಕೊಳ್ಳುವ ಹಾಗಾಯಿತು. ಅದರ ಜೊತೆಗೆ ‘ಎರಡೂವರೆ ವರ್ಷಕ್ಕೆ ಕುರ್ಚಿ ಬಿಟ್ಟುಕೊಡುವ ಮಾತಾಗಿದೆ’, ‘ಅಂಥ ಮಾತೇ ಆಗಿಲ್ಲ’ ಅನ್ನುವ ವಾದವೂ ಸೇರಿತು. 2025ರ ನವೆಂಬರ್ 20ಕ್ಕೆ ಸರ್ಕಾರಕ್ಕೆ ಎರಡೂವರೆ ವರ್ಷ ತುಂಬಿದಾಗ ಶಾಸಕರು ಗುಂಪಾಗಿ ದೆಹಲಿಗೆ ಹೊರಟರು. ತಿಂಗಳ ಕೊನೆಗೆ ಮತ್ತು ಡಿಸೆಂಬರ್ ಮೊದಲಲ್ಲಿ ಇಬ್ಬರು ನಾಯಕರೂ ಒಬ್ಬರ ಮನೆಯಲ್ಲಿ ಒಬ್ಬರು ತಿಂಡಿ ತಿಂದು, ನಾವು ಒಂದಾಗಿದ್ದೇವೆ ಅಂತ ಕ್ಯಾಮೆರಾ ಮುಂದೆ ಹೇಳಬೇಕಾಯಿತು. ನಾನು ಇದನ್ನು ಇಬ್ಬರಲ್ಲಿ ಒಬ್ಬರ ತಪ್ಪು ಅಂತ ನೋಡುವುದಿಲ್ಲ. ಸಭೆಯಲ್ಲಿ ಮುಗಿಯಬೇಕಾದ ಕೆಲಸವನ್ನು ಅವತ್ತು ಮುಗಿಸಲಿಲ್ಲ, ಅದೇ ಮೂಲ.

ತರಗತಿಯಲ್ಲಿ ನಾನೊಂದು ಪ್ರಯೋಗ ಮಾಡುತ್ತಿದ್ದೆ. ಅರವತ್ತು ಮಕ್ಕಳಿರುವ ಬಿ.ಎ. ತರಗತಿ. ಇಬ್ಬರು ಅಭ್ಯರ್ಥಿಗಳನ್ನು ಅವರೇ ನಿಲ್ಲಿಸಬೇಕು. ಒಂದು ವರ್ಷ ಚೀಟಿ ಹಾಕಿಸಿ, ಸೀಮೆಸುಣ್ಣದ ಡಬ್ಬಿಯಲ್ಲಿ ಕೂಡಿಸಿ, ಎಲ್ಲರ ಎದುರಿಗೇ ಬಿಚ್ಚಿ ಬೋರ್ಡಿನ ಮೇಲೆ ಗೆರೆ ಹಾಕುತ್ತಾ ಎಣಿಸಿದೆ. 34, 26. ಸೋತ ಹುಡುಗಿಯ ಮುಖ ಸಣ್ಣದಾಯಿತು, ನಿಜ. ಮಧ್ಯಾಹ್ನದ ಹೊತ್ತಿಗೆ ಗೆದ್ದವನ ಜೊತೆ ಕೂತು ಕಾರ್ಯಕ್ರಮದ ಪಟ್ಟಿ ಬರೆಯುತ್ತಿದ್ದಳು. ಇನ್ನೊಂದು ವರ್ಷ ಚೀಟಿಗಳನ್ನು ಎಣಿಸದೆ ಜೇಬಿಗೆ ಹಾಕಿಕೊಂಡೆ. ‘ಪ್ರಾಂಶುಪಾಲರ ಹತ್ತಿರ ಮಾತಾಡಿ ನಾಳೆ ಹೇಳುತ್ತೇನೆ’ ಅಂದೆ. ಮುಂದಿನ ಒಂದು ಗಂಟೆಯಲ್ಲಿ ಎರಡೂ ಗುಂಪಿನವರು ಸ್ಟಾಫ್ ರೂಮಿನ ಬಾಗಿಲಿಗೆ ಬಂದಿದ್ದರು. ಒಬ್ಬರು ಸಹಿ ಮಾಡಿಸಿದ ಹಾಳೆ ತಂದಿದ್ದರು. ಇನ್ನೊಬ್ಬರು, ಆ ಹಾಳೆಯಲ್ಲಿ ಎರಡು ಸಹಿ ಸುಳ್ಳು ಅಂತ ದೂರು ತಂದಿದ್ದರು. ಆ ವರ್ಷ ಪೂರ್ತಿ ಆ ತರಗತಿ ಎರಡು ಭಾಗವಾಗಿಯೇ ಕೂತಿತು. ಅದು ನನ್ನಿಂದ ಆದ ತಪ್ಪು ಅಂತ ಇವತ್ತಿಗೂ ಅನಿಸುತ್ತದೆ.

ಹಿಂದೆ ಹೀಗಿರಲಿಲ್ಲ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು, ಆ ಕಟ್ಟಡ ಮುಗಿದ 1956ರಲ್ಲೇ ಕುರ್ಚಿ ಬಿಟ್ಟರು. ಬಿಡಿಸಿದ್ದು ವಿರೋಧ ಪಕ್ಷದವರಲ್ಲ, ಸ್ವಂತ ಪಕ್ಷದ ಶಾಸಕರು. ಏಕೀಕರಣದ ನಂತರ ಬಂದ ಎಸ್. ನಿಜಲಿಂಗಪ್ಪನವರಿಗೂ 1958ರಲ್ಲಿ ಅದೇ ಆಯಿತು. ಶಾಸಕಾಂಗ ಪಕ್ಷದೊಳಗೆ ವಿರೋಧ ಬೆಳೆದು ರಾಜೀನಾಮೆ ಕೊಟ್ಟರು. ನಂತರ ನಾಯಕನ ಸ್ಥಾನಕ್ಕೆ ಸ್ಪರ್ಧೆಯೇ ನಡೆದು, ಟಿ. ಸುಬ್ರಹ್ಮಣ್ಯ ಅವರಂಥ ಹಿರಿಯರ ಎದುರು ಬಿ.ಡಿ. ಜತ್ತಿ ಗೆದ್ದರು, 1962ರವರೆಗೆ ಮುಖ್ಯಮಂತ್ರಿಯಾಗಿದ್ದರು. ಆ ವರ್ಷದ ಚುನಾವಣೆಯಲ್ಲಿ ನಿಜಲಿಂಗಪ್ಪನವರೇ ಸೋತುಬಿಟ್ಟರು. ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಆಯ್ಕೆಯಾಗಿ ಬಂದ ಕೂಡಲೇ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟು ಮಂತ್ರಿಯಾಗಿ ಮುಂದುವರಿದರು. ಮಾರ್ಚ್ 14ರಿಂದ ಜೂನ್ 20, ಮೂರು ತಿಂಗಳ ಮೇಲೆ ಕೆಲವೇ ದಿನ. ಒಪ್ಪಂದ ಏನು ಅಂತ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಗದ್ದಲ ಆಗಲಿಲ್ಲ. ಕಂಠಿಯವರ ಹೆಸರನ್ನು ಇವತ್ತಿನ ಹುಡುಗರಿಗೆ ಹೇಳಿದರೆ ಯಾರು ಅಂತ ಕೇಳುತ್ತಾರೆ. ಬೇಜಾರಾಗುತ್ತದೆ.

ಈ ಪದ್ಧತಿ ಮುರಿದದ್ದು 1969ರಲ್ಲಿ ಕಾಂಗ್ರೆಸ್ ಒಡೆದ ಮೇಲೆ. ಪಕ್ಷ ಅಂದರೆ ದೆಹಲಿ ಅಂತಾಯಿತು. 1972ರಲ್ಲಿ ಡಿ. ದೇವರಾಜ ಅರಸು ಚುನಾವಣೆಗೇ ನಿಂತಿರಲಿಲ್ಲ, ಆದರೂ ನಾಯಕರಾದರು. ಒಳ್ಳೆಯ ಮುಖ್ಯಮಂತ್ರಿಯಾದರು, ಅದು ಬೇರೆ ಮಾತು. ಆಯ್ಕೆ ನಡೆದ ದಾರಿಯ ಬಗ್ಗೆ ನಾನು ಹೇಳುತ್ತಿದ್ದೇನೆ. ಅದೇ ದಾರಿ 1980ರ ಜನವರಿಯಲ್ಲಿ ಅವರಿಗೇ ತಿರುಗಿತು. ಇಂದಿರಾ ಗಾಂಧಿ ಲೋಕಸಭೆ ಗೆದ್ದ ಕೂಡಲೇ, ಅಷ್ಟರಲ್ಲಿ ಅವರಿಂದ ಬೇರೆಯಾಗಿದ್ದ ಅರಸು ಜೊತೆಗಿದ್ದ ಶಾಸಕರು ಸಾಲುಗಟ್ಟಿ ಆ ಕಡೆ ಹೋದರು, ಗುಂಡೂರಾವ್ ಮುಖ್ಯಮಂತ್ರಿಯಾದರು.

ಆಗ ಶಾಸಕರು ಹಾಗೆ ಹೋಗಬಹುದಿತ್ತು. 1985ರ ಕಾನೂನು ಬಂದ ಮೇಲೆ ಆ ಬಾಗಿಲು ಕಿರಿದಾಯಿತು. ಮೊದಲು ಮೂರನೇ ಒಂದರಷ್ಟು ಜನ ಒಟ್ಟಿಗೆ ಹೊರಬಂದರೆ ‘ವಿಭಜನೆ’ ಅಂತ ರಕ್ಷಣೆ ಸಿಗುತ್ತಿತ್ತು. 2003ರ 91ನೇ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಈಗ ಉಳಿದಿರುವುದು ಮೂರನೇ ಎರಡರಷ್ಟು ಶಾಸಕರು ಒಪ್ಪಿ ಬೇರೆ ಪಕ್ಷದಲ್ಲಿ ವಿಲೀನ ಆಗುವ ದಾರಿ ಮಾತ್ರ. ಪಕ್ಷದ ವಿಪ್ (ಹೀಗೇ ಓಟು ಹಾಕಿ ಅನ್ನುವ ಆದೇಶ) ಮೀರಿ ಸದನದಲ್ಲಿ ಓಟು ಹಾಕಿದರೆ ಸದಸ್ಯತ್ವ ಹೋಗುತ್ತದೆ. ಆ ಆದೇಶ ಕೊಡುವವರನ್ನೂ ವಿಪ್ ಅನ್ನುತ್ತಾರೆ, ಅವರನ್ನು ಯಾರು ನೇಮಿಸಬೇಕು? 2023ರ ಮೇ 11ರಂದು, ಮಹಾರಾಷ್ಟ್ರದ ಶಿವಸೇನೆ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಿತು: ವಿಪ್ ನೇಮಿಸುವುದು ರಾಜಕೀಯ ಪಕ್ಷ, ಶಾಸಕಾಂಗ ಪಕ್ಷ ಅಲ್ಲ.

ಇದರ ಅರ್ಥ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಹಿಂದೆ ಶಾಸಕರ ತಲೆಗೆ ಬೆಲೆ ಬರುತ್ತಿದ್ದದ್ದು, ಮನಸ್ಸು ಮಾಡಿದರೆ ಸದನದಲ್ಲೇ ಸರ್ಕಾರ ಬೀಳಿಸಬಹುದು ಅನ್ನುವ ಭಯದಿಂದ. ಪಕ್ಷಾಂತರ ತಡೆಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಯ ಹೋದ ಮೇಲೆ ಶಾಸಕರ ಸಂಖ್ಯೆಯನ್ನು ಗೌರವಿಸುವ ಇನ್ನೊಂದು ಜಾಗ ಬೇಕಿತ್ತು. ಅದು ಶಾಸಕಾಂಗ ಪಕ್ಷದ ಸಭೆ. ಅಲ್ಲೇ ಎಣಿಕೆ ನಿಲ್ಲಿಸಿಬಿಟ್ಟೆವು. ನನಗೆ ನೋವಾಗುವುದು ಈ ವಿಷಯಕ್ಕೆ.

ಒಳಗೆ ಎಣಿಸದಿದ್ದರೆ ಎಣಿಕೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಮ್ಮ ರಾಜ್ಯದ್ದೇ ಒಂದು ವಾರ ತೋರಿಸಿಕೊಟ್ಟಿದೆ. 1989ರ ಏಪ್ರಿಲ್. ರಾಮಕೃಷ್ಣ ಹೆಗಡೆ ಹಿಂದಿನ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟು ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದರು. ಜನತಾದಳದ ಒಳಗೆ ಬಣಗಳು ಕುದಿಯುತ್ತಿದ್ದವು. ಏಪ್ರಿಲ್ 15ಕ್ಕೆ ಬೊಮ್ಮಾಯಿಯವರು ಮಂತ್ರಿಮಂಡಲ ವಿಸ್ತರಿಸಿ 13 ಜನರನ್ನು ಸೇರಿಸಿಕೊಂಡರು. ಎರಡೇ ದಿನ. ಕೆ.ಆರ್. ಮೊಳಕೇರಿ ಅನ್ನುವ ಶಾಸಕರು ಪಕ್ಷ ಬಿಟ್ಟು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಪತ್ರ ಕೊಟ್ಟರು, ಜೊತೆಗೆ ಬೆಂಬಲ ಹಿಂತೆಗೆದುಕೊಂಡ 19 ಶಾಸಕರ ಪತ್ರಗಳನ್ನೂ ಒಪ್ಪಿಸಿದರು. ಆ 19ರಲ್ಲಿ 17 ಜನ ಬೊಮ್ಮಾಯಿಯವರ ಸ್ವಂತ ಪಕ್ಷದವರು.

19ನೇ ತಾರೀಕು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. 20ಕ್ಕೆ, ಆ 19ರಲ್ಲಿ ಏಳು ಜನ ಮತ್ತೆ ಪತ್ರ ಬರೆದರು: ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗಿದ್ದೇವೆ. ಅದೇ ದಿನ ಬೊಮ್ಮಾಯಿಯವರು ರಾಜ್ಯಪಾಲರನ್ನು ಭೇಟಿಯಾದರು. 27ಕ್ಕೆ ಅಧಿವೇಶನ ಇದೆ, ಬೇಕಾದರೆ ಇನ್ನೂ ಮೊದಲೇ ಕರೆಯುತ್ತೇವೆ, ಸದನದಲ್ಲೇ ಬಹುಮತ ತೋರಿಸುತ್ತೇವೆ ಅಂದರು. ರಾಜ್ಯಪಾಲರು ಒಪ್ಪಲಿಲ್ಲ, ಇನ್ನೊಂದು ವರದಿ ಕಳಿಸಿದರು. 21ಕ್ಕೆ ಸರ್ಕಾರ ವಜಾ, ರಾಷ್ಟ್ರಪತಿ ಆಳ್ವಿಕೆ.

ಆ ಏಳು ಜನರ ಸ್ಥಿತಿ ಯೋಚಿಸಿ ನೋಡಿ. ಒಂದು ಪತ್ರಕ್ಕೆ ಸಹಿ, ಮೂರು ದಿನದಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ಪತ್ರಕ್ಕೆ ಸಹಿ. ಅವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಒಂದು ಚೀಟಿ ಕೈಗೆ ಕೊಟ್ಟಿದ್ದರೆ ಒಂದು ಗಂಟೆಯಲ್ಲಿ ನಿಜ ಹೊರಬರುತ್ತಿತ್ತು. ಐದು ವರ್ಷ ಬಿಟ್ಟು, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಬೊಮ್ಮಾಯಿ ಪ್ರಕರಣದಲ್ಲಿ ತೀರ್ಪು ಕೊಟ್ಟರು. ಬಹುಮತದ ಪರೀಕ್ಷೆ ಆಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಇಡೀ ದೇಶಕ್ಕೆ ದಾರಿದೀಪವಾದ ತೀರ್ಪು ಅದು, ನಮ್ಮ ವಿಧಾನಸೌಧದ ಒಳಜಗಳದಿಂದ ಹುಟ್ಟಿದ್ದು.

ಹಾಗಾದರೆ ಹೈಕಮಾಂಡ್ ತೀರ್ಮಾನ ಮಾಡಿದರೆ ಜಗಳ ಬೇಗ ಮುಗಿಯುವುದಿಲ್ಲವಾ ಅಂತ ಕೇಳಬಹುದು. 1990 ನೋಡಿ. ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 1989ರಲ್ಲಿ 178 ಸ್ಥಾನ ಗೆದ್ದಿತ್ತು. ಮಾರನೇ ವರ್ಷ ಅಕ್ಟೋಬರಿನಲ್ಲಿ ಅವರು ಕಾಯಿಲೆಯಲ್ಲಿದ್ದಾಗ, ಬೆಂಗಳೂರಿಗೆ ಬಂದಿದ್ದ ರಾಜೀವ್ ಗಾಂಧಿ ನಾಯಕತ್ವ ಬದಲಾವಣೆಯನ್ನು ವಿಮಾನ ನಿಲ್ದಾಣದಲ್ಲೇ ಹೇಳಿ ಹೋದರು. ಎಸ್. ಬಂಗಾರಪ್ಪ ಬಂದರು. ಎರಡು ವರ್ಷಕ್ಕೆ ಅವರನ್ನೂ ಇಳಿಸಿ ವೀರಪ್ಪ ಮೊಯಿಲಿಯವರನ್ನು ಕೂರಿಸಿದರು. ಬಂಗಾರಪ್ಪ ಹೊರಗೆ ಹೋಗಿ ಸ್ವಂತ ಪಕ್ಷ ಕಟ್ಟಿದರು. 1994ರಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 34 ಸ್ಥಾನ. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡ ಜನ ಅದನ್ನು ಮರೆತು ಓಟು ಹಾಕಿದರು ಅಂತ ನಾನು ಹೇಳಲಾರೆ.

ಎಣಿಸಿದರೆ ಸಾಕಾ? ಇಲ್ಲ, ಇಲ್ಲಿ ನನ್ನ ಮಾತಿಗೇ ಅಡ್ಡ ಬರುವ ಒಂದು ಉದಾಹರಣೆ ಇದೆ, ಮುಚ್ಚಿಡುವುದು ಸರಿಯಲ್ಲ. 2011ರ ಜುಲೈ 31ಕ್ಕೆ ಲೋಕಾಯುಕ್ತ ವರದಿಯ ನಂತರ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆಗಸ್ಟ್ 3ರಂದು ಬಿಜೆಪಿ ಶಾಸಕಾಂಗ ಪಕ್ಷದಲ್ಲಿ ಗುಪ್ತ ಮತದಾನವೇ ನಡೆಯಿತು. ಡಿ.ವಿ. ಸದಾನಂದ ಗೌಡ ಗೆದ್ದರು, ಜಗದೀಶ ಶೆಟ್ಟರ್ ಸೋತರು. ಪದ್ಧತಿ ಸರಿಯಾಗಿಯೇ ಇತ್ತು. ಆದರೆ ಸದಾನಂದ ಗೌಡರು ನಿಂತದ್ದು ಯಡಿಯೂರಪ್ಪನವರ ಅಭ್ಯರ್ಥಿಯಾಗಿ. ಅವರಿಗೆ ಬಿದ್ದ ಓಟುಗಳ ದೊಡ್ಡ ಪಾಲು ನಿಜವಾಗಿ ಯಡಿಯೂರಪ್ಪನವರದ್ದು. ಒಂದು ವರ್ಷದೊಳಗೆ ಅವರಿಬ್ಬರ ನಡುವೆ ಕೆಟ್ಟಿತು. ಯಡಿಯೂರಪ್ಪನವರ ಬಣ ಹಿಂದೆ ತಾನೇ ಸೋಲಿಸಿದ್ದ ಶೆಟ್ಟರ್ ಪರವಾಗಿ ನಿಂತಿತು, 2012ರ ಜುಲೈ 12ಕ್ಕೆ ಶೆಟ್ಟರ್ ಮುಖ್ಯಮಂತ್ರಿಯಾದರು. ಅಲ್ಲಿಗೂ ಮುಗಿಯಲಿಲ್ಲ. ಅದೇ ವರ್ಷದ ಕೊನೆಗೆ ಯಡಿಯೂರಪ್ಪ ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿದರು. 2013ರಲ್ಲಿ ಬಿಜೆಪಿ 40ಕ್ಕೆ ಇಳಿಯಿತು, ಕೆಜೆಪಿಗೆ 6 ಬಂತು.

ಚೀಟಿಯ ಮೇಲೆ ಬರೆಯುವ ಹೆಸರು ನಿಜವಾದ ಸ್ಪರ್ಧಿಯದ್ದೇ ಆಗಿರಬೇಕು ಅಂತ ನಾನು ಇದರಿಂದ ಕಲಿತೆ. 2013ರಲ್ಲಿ ಕಾಂಗ್ರೆಸ್ ಹಾಗೇ ಮಾಡಿತ್ತು. ಎ.ಕೆ. ಆಂಟನಿ ಮತ್ತಿತರ ವೀಕ್ಷಕರ ಎದುರು ಶಾಸಕರು ಗುಪ್ತವಾಗಿ ಮತ ಹಾಕಿದರು. ಒಂದು ಕಡೆ ಸಿದ್ದರಾಮಯ್ಯ, ಇನ್ನೊಂದು ಕಡೆ ಮಲ್ಲಿಕಾರ್ಜುನ ಖರ್ಗೆಯವರ ಹೆಸರು. ಇಬ್ಬರೂ ತಾವೇ ಸ್ಪರ್ಧಿಗಳು, ಯಾರ ಪರವಾಗಿಯೋ ನಿಂತವರಲ್ಲ. ಅಂಕಿ ಹೇಳಲಿಲ್ಲ, ಅದೊಂದು ಕೊರತೆ. ಆದರೂ ಶಾಸಕರು ಮತ ಹಾಕಿ ಆರಿಸಿದ ನಾಯಕ ಅನ್ನುವ ಬಲ ಸಿದ್ದರಾಮಯ್ಯನವರಿಗೆ ಇತ್ತು. ದೇವರಾಜ ಅರಸು ನಂತರ ಐದು ವರ್ಷ ಪೂರ್ತಿ ಮಾಡಿದ ಮೊದಲ ಮುಖ್ಯಮಂತ್ರಿ ಅವರು.

ಈಗ ನಿಮ್ಮ ಕೊನೆಯ ಪ್ರಶ್ನೆ. ಮುಖ್ಯಮಂತ್ರಿ ಬೇಡ ಅಂದ ಶಾಸಕರ ಸ್ಥಾನ ಹೋಗುತ್ತದಾ? ಪಕ್ಷದ ಸಭೆಯಲ್ಲಿ ಹೇಳಿದರೆ ಹೋಗುವುದಿಲ್ಲ. ದೆಹಲಿಗೆ ಹೋಗಿ ಹೇಳಿದರೂ ಹೋಗುವುದಿಲ್ಲ. ಶಿಸ್ತು ಕ್ರಮ ಅಂತ ಪಕ್ಷ ನೋಟಿಸ್ ಕೊಡಬಹುದು, ಅಷ್ಟೇ. ರಾಜಭವನದ ಮೆಟ್ಟಿಲು ಹತ್ತಿದರೆ ಮಾತ್ರ ಲೆಕ್ಕ ಬೇರೆ.

2010ರ ಅಕ್ಟೋಬರ್ 6ರಂದು ಬಾಲಚಂದ್ರ ಜಾರಕಿಹೊಳಿ ಮುಂತಾದ ಬಿಜೆಪಿ ಶಾಸಕರು, ಕೆಲವು ಪಕ್ಷೇತರರ ಜೊತೆ, ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಪತ್ರ ಕೊಟ್ಟರು. ಯಡಿಯೂರಪ್ಪನವರ ಸರ್ಕಾರಕ್ಕೆ ನಮ್ಮ ಬೆಂಬಲ ಇಲ್ಲ ಅಂತ. ಪಕ್ಷ ಬಿಟ್ಟಿಲ್ಲ, ನಾಯಕ ಬದಲಾಗಲಿ ಅನ್ನುವುದಷ್ಟೇ ನಮ್ಮ ಬೇಡಿಕೆ ಅನ್ನುವುದು ಅವರ ವಾದ. ವಿಶ್ವಾಸಮತದ ಹಿಂದಿನ ದಿನ, 10ರಂದು, ಸ್ಪೀಕರ್ ಕೆ.ಜಿ. ಬೋಪಯ್ಯ ಬಿಜೆಪಿಯ 11 ಮತ್ತು ಪಕ್ಷೇತರ 5 ಶಾಸಕರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅವಸರದಲ್ಲಿ, ಉತ್ತರ ಕೊಡಲು ಸರಿಯಾದ ಅವಕಾಶ ಕೊಡದೆ ಮಾಡಿದ ಕೆಲಸ ಅಂತ ಕೋರ್ಟಿನ ಅಭಿಪ್ರಾಯ.

ಹಾಗಾದರೆ ರಾಜ್ಯಪಾಲರ ಹತ್ತಿರ ಹೋಗುವುದು ಸುರಕ್ಷಿತ ಅಂತ ತಿಳಿಯಬೇಡಿ. ತಮಿಳುನಾಡಿನಲ್ಲಿ 2017ರ ಆಗಸ್ಟಿನಲ್ಲಿ ಟಿ.ಟಿ.ವಿ. ದಿನಕರನ್ ಬಣದ ಅಣ್ಣಾ ಡಿಎಂಕೆ ಶಾಸಕರೂ ಹೆಚ್ಚುಕಡಿಮೆ ಇದನ್ನೇ ಮಾಡಿದರು. ಪಳನಿಸ್ವಾಮಿಯವರ ಮೇಲೆ ವಿಶ್ವಾಸ ಇಲ್ಲ, ಬೇರೆ ಮುಖ್ಯಮಂತ್ರಿ ಬೇಕು ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟರು. ಸೆಪ್ಟೆಂಬರಿನಲ್ಲಿ ಸ್ಪೀಕರ್ ಪಿ. ಧನಪಾಲ್ 18 ಜನರನ್ನು ಅನರ್ಹಗೊಳಿಸಿದರು. ಮದ್ರಾಸ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು, ಮೂರನೆಯವರು 2018ರ ಅಕ್ಟೋಬರಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿದರು. ಅದೇ ತರಹದ ಪತ್ರ, ಪಕ್ಕದ ರಾಜ್ಯ, ತದ್ವಿರುದ್ಧ ಫಲಿತಾಂಶ. ನಿಮ್ಮ ಶಾಸಕರು ಯಾವ ಬಣದಲ್ಲೇ ಇರಲಿ, ಈ ಎರಡು ಪ್ರಕರಣಗಳನ್ನೂ ಅವರ ವಕೀಲರು ಅವರಿಗೆ ಹೇಳಿಯೇ ಇರುತ್ತಾರೆ. ಅದಕ್ಕೇ ಎಲ್ಲರೂ ರಾಜಭವನ ಬಿಟ್ಟು ದೆಹಲಿ ವಿಮಾನ ಹತ್ತುವುದು.

ಹಾಗಂತ ಸಂಖ್ಯೆಗೆ ಬೆಲೆಯೇ ಇಲ್ಲ ಅನ್ನುವಂತೆಯೂ ಇಲ್ಲ. 2022ರ ಸೆಪ್ಟೆಂಬರ್ 25ರಂದು ಜೈಪುರದಲ್ಲಿ ಆದದ್ದನ್ನು ನೋಡಿ. ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಅಶೋಕ್ ಗೆಹ್ಲೋಟ್ ಕಾಂಗ್ರೆಸ್ ಪಕ್ಷದ ಅಧ್ಯಕ್ಷರಾಗಬಹುದು, ಸಚಿನ್ ಪೈಲಟ್ ಮುಖ್ಯಮಂತ್ರಿಯಾಗಬಹುದು ಅನ್ನುವ ಮಾತಿತ್ತು. ಖರ್ಗೆ ಮತ್ತು ಅಜಯ್ ಮಾಕನ್ ವೀಕ್ಷಕರಾಗಿ ಬಂದು ಮುಖ್ಯಮಂತ್ರಿ ನಿವಾಸದಲ್ಲಿ ಕಾದರು. ಶಾಸಕರು ಬರಲೇ ಇಲ್ಲ. ಗೆಹ್ಲೋಟ್ ಕಡೆಯವರು ಸಚಿವ ಶಾಂತಿ ಧಾರಿವಾಲ್ ಮನೆಯಲ್ಲಿ ಸೇರಿ, ಅಲ್ಲಿಂದ ಸ್ಪೀಕರ್ ಮನೆಗೆ ಹೋಗಿ ರಾಜೀನಾಮೆ ಪತ್ರ ಕೊಟ್ಟರು. ಒಂದು ಸಾಲಿನ ನಿರ್ಣಯಕ್ಕೂ ಶಾಸಕರು ಬಂದು ಕೂರಬೇಕಲ್ಲ! ಬದಲಾವಣೆ ನಿಂತುಹೋಯಿತು. ಅದು ಒಳ್ಳೆಯ ಮಾದರಿ ಅಂತ ನಾನು ಹೇಳುವುದಿಲ್ಲ. ಹೈಕಮಾಂಡಿನ ಮಾತು ನಡೆಯುವುದು ಶಾಸಕರು ಸುಮ್ಮನಿರುವ ತನಕ ಅನ್ನುವುದಕ್ಕೆ ಇದು ಸಾಕ್ಷಿ.

ಪೈಪೋಟಿ ಇಷ್ಟು ತೀವ್ರ ಆಗುವುದಕ್ಕೆ ಒಂದು ಸರಳ ಲೆಕ್ಕವೂ ಕಾರಣ. 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇಕಡಾ 15 ಮೀರಬಾರದು. 224 ಸ್ಥಾನದ ಕರ್ನಾಟಕದಲ್ಲಿ ಅದು ಮುಖ್ಯಮಂತ್ರಿಯೂ ಸೇರಿ 34. 135 ಶಾಸಕರಿರುವ ಪಕ್ಷದಲ್ಲಿ ನೂರಕ್ಕೂ ಹೆಚ್ಚು ಜನ ಹೊರಗೇ ಉಳಿಯುತ್ತಾರೆ. ನಿಗಮ ಮಂಡಳಿಗಳು ಸ್ವಲ್ಪ ಜನರನ್ನು ಹಿಡಿದಿಡುತ್ತವೆ. ಉಳಿದವರಿಗೆ ‘ನಾಯಕ ಬದಲಾದರೆ ನನಗೆ ಜಾಗ ಸಿಗಬಹುದು’ ಅನ್ನುವ ಆಸೆ ಇರುವುದು ಸಹಜ. 1989ರಲ್ಲಿ ಈ ಮಿತಿ ಇರಲಿಲ್ಲ, 13 ಜನರನ್ನು ಸೇರಿಸಿಕೊಂಡರೂ ಬೊಮ್ಮಾಯಿಯವರಿಗೆ ಎಲ್ಲರನ್ನೂ ಸಮಾಧಾನ ಮಾಡಲು ಆಗಲಿಲ್ಲ. ಡಿನ್ನರ್ ಸಭೆಗಳು, ರೆಸಾರ್ಟ್ ವಾಸ, ಅನುದಾನ ಸಿಕ್ಕಿಲ್ಲ ಅನ್ನುವ ಹೇಳಿಕೆಗಳ ಹಿಂದೆಲ್ಲ ಈ ಲೆಕ್ಕ ಇದೆ. ‘ಅನುದಾನದ ಕೊರತೆ’ ಅಂತ ಶಾಸಕರು ಹೇಳಿದಾಗ, ಎಷ್ಟೋ ಸಲ ಅದು ನಿಜವಾದ ಕೊರತೆಯೇ ಆಗಿರುತ್ತದೆ ಅನ್ನುವುದನ್ನೂ ನೆನಪಿಡಿ. ಎದುರು ಬಣದವರ ಕ್ಷೇತ್ರದ ಕಡತಗಳು ನಿಧಾನವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಲ್ಲವನ್ನೂ ಬಹಿರಂಗವಾಗಿ ಎಣಿಸುವ ದೇಶ ಇದೆಯಾ? ಆಸ್ಟ್ರೇಲಿಯಾ ಇದೆ. ಅಲ್ಲಿ ಸಂಸದರು ಒಂದು ಕೋಣೆ ಸೇರಿ ಮತ ಹಾಕುತ್ತಾರೆ, ಅಂಕಿ ಅರ್ಧ ಗಂಟೆಯಲ್ಲಿ ದೇಶಕ್ಕೆಲ್ಲ ಗೊತ್ತಾಗುತ್ತದೆ. 1991ರ ಡಿಸೆಂಬರಿನಲ್ಲಿ ಪಾಲ್ ಕೀಟಿಂಗ್ 56–51ರಿಂದ ಹಾಲಿ ಪ್ರಧಾನಿ ಬಾಬ್ ಹಾಕ್ ಅವರನ್ನು ಸೋಲಿಸಿದರು. ಆದರೆ ಅಲ್ಲೂ ಅತಿಯಾಯಿತು. 2010ರಿಂದ 2018ರ ಒಳಗೆ ನಾಲ್ಕು ಸಲ ಪ್ರಧಾನಿ ಹೀಗೇ ಪಕ್ಷದ ಒಳಗಿನಿಂದ ಬದಲಾದರು, ಜನ ರೋಸಿಹೋದರು. ಇದರ ನಡುವೆಯೇ 2013ರಲ್ಲಿ ಲೇಬರ್ ಪಕ್ಷ, ಹಾಲಿ ಪ್ರಧಾನಿಯ ಸ್ಥಾನಕ್ಕೆ ಹೊಸದಾಗಿ ಚುನಾವಣೆ ನಡೆಸಬೇಕಾದರೆ ಶೇಕಡಾ 75ರಷ್ಟು ಸಂಸದರ ಸಹಿ ಬೇಕು ಅಂತ ನಿಯಮ ಮಾಡಿತು. 2018ರಲ್ಲಿ ಲಿಬರಲ್ ಪಕ್ಷ ಮೂರನೇ ಎರಡರಷ್ಟು ಅಂತ ಮಾಡಿತು. ಎಣಿಕೆಯನ್ನು ನಿಲ್ಲಿಸಲಿಲ್ಲ, ಎಣಿಸಲು ಕೇಳುವ ಮೆಟ್ಟಿಲನ್ನು ಎತ್ತರ ಮಾಡಿದರು. ನಮ್ಮ ಪಕ್ಷಗಳೂ ಇದನ್ನು ಮಾಡಬಹುದು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಪಕ್ಷದ ನಿಯಮಾವಳಿಗೆ ಎರಡು ಸಾಲು ಸೇರಿಸಿದರೆ ಸಾಕು.

ನಿಮ್ಮ ಕಾಲುವೆ ವಿಷಯಕ್ಕೆ ವಾಪಸ್ ಬರುತ್ತೇನೆ. ನಾಯಕತ್ವದ ಇತ್ಯರ್ಥಕ್ಕೂ ಸಣ್ಣ ನೀರಾವರಿಯ ಕಾಮಗಾರಿಗೂ ಕಾನೂನಿನಲ್ಲಿ ಯಾವ ಸಂಬಂಧವೂ ಇಲ್ಲ. ಅಂದಾಜುಪಟ್ಟಿ ಆಗಿದೆಯಾ, ಆಡಳಿತಾತ್ಮಕ ಮಂಜೂರಾತಿ ಸಿಕ್ಕಿದೆಯಾ, ಟೆಂಡರ್ ಯಾವ ಹಂತದಲ್ಲಿದೆ ಅಂತ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಖರ್ಚು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆ ಉತ್ತರ ಕೈಯಲ್ಲಿ ಹಿಡಿದುಕೊಂಡು ಶಾಸಕರ ಮನೆಗೆ ಹೋಗಿ, ಬೆಳಿಗ್ಗೆ ಹೋದರೆ ಸಿಗುತ್ತಾರೆ. ಕಾಲುವೆ ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ, ಮರ್ಯಾದೆಯಿಂದಲೇ ಕೇಳಿ: ‘ಸಾರ್, ಶಾಸಕಾಂಗ ಪಕ್ಷದ ಸಭೆಯಲ್ಲಿ ನಿಮ್ಮ ಕೈಗೆ ಚೀಟಿ ಕೊಟ್ಟರಾ? ಕೊಟ್ಟಿದ್ದರೆ ನಿಮ್ಮ ಎದುರಿಗೇ ಎಣಿಸಿದರಾ?’